ಎತ್ತು, ಸಾಕು, ಬಿಡು

ಶೆಡ್ಡಿನಲ್ಲಿ ಗ್ರೈಂಡರ್ ಶುರುವಾದರೆ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅವಳಿಗೆ ಮಾತ್ರ ಅದು ನಿಂತಾಗ ಹೆದರಿಕೆ. ಅದು ಕಿರುಚುತ್ತಿರುವಷ್ಟು ಹೊತ್ತು ಗಂಡನ ಎರಡೂ ಕೈಗಳಿಗೆ ಕೆಲಸವಿರುತ್ತಿತ್ತು. ನಿಂತಿತೆಂದರೆ ಕೈ ಖಾಲಿ.

ಗಾಡಿಯೆಂದರೆ ಮೊದಮೊದಲು ಅದು ಗಾಡಿಯೇ ಆಗಿರಲಿಲ್ಲ. ಗುಜರಿಯವನ ಲಾರಿಯಿಂದ ಹಗ್ಗ ಕಟ್ಟಿ ಇಳಿಸಿದ, ಒಂದು ಕಾಲಕ್ಕೆ ಕೆಂಪಗಿದ್ದ ಪುಟ್ಟ ಕಾರು. ಆಚೀಚೆ ಒಂದೊಂದು ಬಾಗಿಲು, ಹಿಂದೆ ಡಿಕ್ಕಿಗೊಂದು. ಮೈ ಸಣ್ಣದು, ಹೊಟ್ಟೆಯೊಳಗಿನ ಎಂಜಿನ್ ಮಾತ್ರ ದೊಡ್ಡ ಗಾಡಿಗಳನ್ನು ನಾಚಿಸುವಂಥದು. ಗಂಡ ಹುಡುಗನಾಗಿದ್ದಾಗ ಸಿರಿವಂತರ ಮಕ್ಕಳು ಇಂಥದೇ ಕಾರನ್ನು ತಿರುವುಗಳಲ್ಲಿ ಕಿರ್ರೆನ್ನಿಸಿ ಓಡಿಸುವುದನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡಿದ್ದನಂತೆ. ಈಗ ನೆಲದ ತಗಡಿನಲ್ಲಿ ಕಾಲು ತೂರುವಷ್ಟು ತೂತುಗಳಿದ್ದವು. ಬಾಗಿಲ ಕೆಳಗಿನ ಅಂಚುಗಳನ್ನು ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತಿದ್ದವು. ಆದರೂ ಶೆಡ್ಡಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ, "ನೋಡೋಕೆ ಇಲಿ. ಓಡಿದ್ರೆ ಚಿರತೆ ಕಣ್ರೀ."

ಅವನೂ ನೋಡಲು ಸಣ್ಣ ಆಳೇ. ಲಿಫ್ಟ್ ರಿಪೇರಿಯ ಕೆಲಸ. ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟು ಜನ ಸಿಕ್ಕಿಕೊಂಡರೆ ಇವನಿಗೇ ಕರೆ ಬರುತ್ತಿತ್ತು. ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, "ಹೆದರ್ಬೇಡಿ ಅಮ್ಮಾ, ನಾನಿದೀನಿ, ನಿಧಾನಕ್ಕೆ ಉಸಿರಾಡಿ," ಎನ್ನುವ ಅವನ ದನಿಯನ್ನು ಹೊಗಳದವರಿರಲಿಲ್ಲ. "ಎಂಥ ಸಮಾಧಾನದ ಮನುಷ್ಯ! ಪುಣ್ಯ ಮಾಡಿದ್ರಿ ನೀವು," ಎಂದು ಒಬ್ಬಾಕೆ ಅಂಗಡಿಯಲ್ಲಿ ಇವಳ ಕೈ ಹಿಡಿದು ಹೇಳಿದ್ದಳು. ಹಿಡಿದದ್ದು ನೀಲಿಗಟ್ಟಿದ್ದ ಮಣಿಕಟ್ಟನ್ನು. ಇವಳು ನಕ್ಕು ತಲೆಯಾಡಿಸಿದ್ದಳು.

ಇವಳಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಡಾಕ್ಟರು ರೋಗಿಯ ಬಾಯಿಂದ ಕಣ್ಣು ತೆಗೆಯದೆ ಕೈ ಚಾಚಿದರೆ, ಬೇಕಾದ ಉಪಕರಣ ಬೇಕಾದ ದಿಕ್ಕಿನಲ್ಲಿ ಅಂಗೈಗೆ ಬಂದು ಕೂರಬೇಕು. ಇಷ್ಟು ವರ್ಷದಲ್ಲಿ ಅವಳ ಕೈ ತಪ್ಪಿದ್ದು ಕಡಿಮೆ. ಆ ಕೈಗುಣವನ್ನೇ ಗಂಡ ಶೆಡ್ಡಿಗೆ ಎಳೆದುಕೊಂಡಿದ್ದ. ಗಾಡಿಯಡಿಯಿಂದ ಎಣ್ಣೆಗೈಯೊಂದು ಹೊರಬಂದು, "ಹದಿಮೂರು," ಎಂದರೆ ಹದಿಮೂರನೇ ನಂಬರಿನ ಪಾನಾ ಅಲ್ಲಿರಬೇಕು. ಹನ್ನೆರಡು ಇಟ್ಟರೆ ಅದು ಬಂದ ದಾರಿಯಲ್ಲೇ ಹಾರಿ ಬರುತ್ತಿತ್ತು. ಒಮ್ಮೆ ಹಾಗೆ ಬಂದದ್ದು ಬಾಯಿಗೆ ಬಡಿದು ಮುಂದಿನ ಹಲ್ಲಿನ ತುದಿ ಮುರಿಯಿತು. ಮರುದಿನ ಡಾಕ್ಟರಮ್ಮ ಅದಕ್ಕೆ ತುಂಡು ಕೂರಿಸುತ್ತ, "ಏನ್ರೀ, ಏನ್ ಕಚ್ಚಿದ್ರಿ?" ಎಂದರು.

"ಕಬ್ಬಿಣ ಮೇಡಂ."

ಡಾಕ್ಟರಮ್ಮ ಗೊಳ್ಳೆಂದು ನಕ್ಕರು. ನಿಜ ಹೇಳಿಯೂ ಬಚಾವಾಗಬಹುದೆಂದು ಅವಳಿಗೆ ಆವತ್ತು ತಿಳಿಯಿತು. ತುಟಿ ಊದಿದ ದಿನಗಳಲ್ಲಿ ಮುಖದ ಮಾಸ್ಕು ಅವಳನ್ನು ಕಾಯುತ್ತಿತ್ತು.

ಮಗಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ತಗಡಿನ ತಗ್ಗು ತುಂಬುವ ಮೇಣದಂಥ ವಸ್ತುವಿಗೂ ಗ್ಯಾರೇಜಿನವರು ಪುಟ್ಟಿ ಎಂದೇ ಹೇಳುವುದು. ಅವನು ಶೆಡ್ಡಿನಿಂದ, "ಪುಟ್ಟಿ ತಗೊಂಡ್ಬಾರೇ!" ಎಂದು ಕೂಗಿದಾಗ ಕಾಲೇಜಿನ ಪುಸ್ತಕ ಮಡಚಿಟ್ಟು ಮಗಳು, "ಪುಟ್ಟಿ ಬಂದಳು, ಎಲ್ಲಿ ಮೆತ್ತುತೀರಾ ಮೆತ್ತಿ," ಎನ್ನುತ್ತ ಹೋಗುತ್ತಿದ್ದಳು. ಆಗ ಅವನೂ ನಗುತ್ತಿದ್ದ. ಅವನು ಮಗಳ ಮೈ ಮುಟ್ಟುವುದಿಲ್ಲ ಎಂಬ ಒಂದು ನಂಬಿಕೆಯ ಮೇಲೆ ಇವಳು ಇಷ್ಟು ವರ್ಷದ ಸಂಸಾರವನ್ನು ಕಟ್ಟಿ ನಿಲ್ಲಿಸಿದ್ದಳು. ತನಗೆ ಬೀಳುವ ಪೆಟ್ಟೆಲ್ಲ ಮಗಳಿಗೆ ಬೀಳಬಹುದಾಗಿದ್ದ ಪೆಟ್ಟಿನಲ್ಲಿ ಕಳೆದದ್ದು ಎಂದು ಲೆಕ್ಕ ಹಾಕಿಕೊಂಡಿದ್ದಳು. ಹೆಂಗಸರು ಮನಸ್ಸಿನಲ್ಲೇ ಹಾಕಿ ಮನಸ್ಸಿನಲ್ಲೇ ಅಳಿಸುವಂಥ ಲೆಕ್ಕ ಅದು.

ಬಾನೆಟ್ಟಿಗೆ ಮೊದಲ ಕೆಂಪು ಬಣ್ಣ ಹೊಡೆದ ದಿನ ಆ ಲೆಕ್ಕ ತಪ್ಪಿತು. ಮಗಳು ಫೋನಿನಲ್ಲಿ ಯಾರೊಡನೆಯೋ ನಗುತ್ತ ಶೆಡ್ಡಿನ ಬಾಗಿಲಲ್ಲಿ ನಿಂತವಳು, ಮರೆತು ಪಕ್ಕದ ಬಾನೆಟ್ಟಿಗೆ ಕೈಯೂರಿದಳು. ಒದ್ದೆ ಬಣ್ಣದ ಮೇಲೆ ಐದು ಬೆರಳು ಮೂಡಿದವು. ಅವನು ಸ್ಪ್ರೇ ಗನ್ನನ್ನು ಜೋಪಾನವಾಗಿ ಮೊಳೆಗೆ ತೂಗುಹಾಕಿದ. ಆಮೇಲೆ ಬಂದು ಆ ಕೈಯನ್ನು ಹಿಡಿದು ಹಿಂದಕ್ಕೆ ತಿರುಚಿ, ಅವಳನ್ನು ಕಬ್ಬಿಣದ ಮೇಜಿಗೆ ಒಗೆದ. ಹೆಗಲ ಬಳಿ ಒಣಕಡ್ಡಿ ಮುರಿದಂಥ ಸದ್ದಾಯಿತು. ಹುಡುಗಿ ಕಿರುಚಲೂ ಇಲ್ಲ. ಅಪ್ಪನನ್ನೇ ನೋಡಿದಳು. ಅವನು ಆಗಲೇ ಬಾನೆಟ್ಟಿನ ಕಡೆ ಬಗ್ಗಿ, ಬೆರಳ ಗುರುತನ್ನು ಬಟ್ಟೆಯ ತುದಿಯಿಂದ ಒರೆಸುತ್ತಿದ್ದ. ಎಷ್ಟು ಮೆತ್ತಗೆ, ಎಷ್ಟು ನಾಜೂಕಾಗಿ! ಕೂಸಿನ ಕೆನ್ನೆ ಒರೆಸಿದ ಹಾಗೆ.

ಕೊರಳ ಪಕ್ಕದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದಳೆಂದು ಇವಳೇ ಹೇಳಿದಳು. ಪಟ್ಟಿ ಕಟ್ಟಿಸಿಕೊಂಡು ಹೊರಬಂದವಳನ್ನು ಮನೆಗೆ ಕರೆದೊಯ್ಯದೆ ನೇರ ಬಸ್ಸು ಹತ್ತಿಸಿ ತಂಗಿಯ ಊರಿಗೆ ಕಳಿಸಿದಳು.

ಅಂದು ಅವನು ಹೆಂಡತಿಯನ್ನು ಹೊಡೆಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಊಟ ಮುಗಿಸಿ ಕೈ ತೊಳೆದು ಬಂದು ಹೇಳಿದ:

"ಇರ್ಲಿ. ಗಾಡಿ ರಸ್ತೆಗಿಳಿದ ದಿನ ಮೊದಲ ಸವಾರಿ ಅಲ್ಲಿಗೇ. ನಿನ್ನ ತಂಗಿ ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡ್ಬೇಕು. ಜುಟ್ಟು ಹಿಡಿದು ಎಳ್ಕೊಂಡು ಬಂದು ಹಿಂದಿನ ಸೀಟಲ್ಲಿ ತುಂಬ್ತೀನಿ. ಆ ಸೀಟಿಗೆ ಬಾಗಿಲಿಲ್ಲ ಅಲ್ವಾ? ಇಳಿಯೋಕೂ ಆಗಲ್ಲ."

ಅವನು ಆಡಿದ್ದನ್ನು ಮಾಡುವವನು. ಬಸ್ಸಿನಲ್ಲಿ ಹೋಗಿ ಬೇಡಿ ಕರೆತರುವುದು ಅವನ ಮರ್ಯಾದೆಗೆ ಕಡಿಮೆ. ಆ ಗಾಡಿಯಲ್ಲೇ ಹೋಗಬೇಕು.

ಕ್ಲಿನಿಕ್ಕಿನ ಹಿಂಬದಿಯಲ್ಲಿ ಉಪಕರಣ ಕುದಿಸುವ ಕೋಣೆಯಿಂದ ಅವಳು ತಂಗಿಗೆ ಫೋನು ಮಾಡುತ್ತಿದ್ದಳು.

"ಅಕ್ಕಾ, ನೀನೂ ಬಂದ್ಬಿಡು ಅಂದ್ರೆ ಕೇಳಲ್ವಲ್ಲ. ಅಲ್ಲೇನು ಗಂಟು ಹೂತಿಟ್ಟಿದೀಯಾ?"

"ನಾನು ಬಂದ್ರೆ ನಾಳೆನೇ ಅವ್ರು ನಿನ್ನ ಬಾಗಿಲಲ್ಲಿರ್ತಾರೆ ಕಣೇ. ನಾನಿಲ್ಲಿದ್ರೆ ಗಾಡಿ ಮುಗಿಯೋ ತನಕ ಕಾಯ್ತಾರೆ."

"ಗಾಡಿ ಯಾವಾಗ ಮುಗಿಯುತ್ತೆ?"

"ನನ್ನ ಕೈಲಿದೆ," ಎಂದು ಬಾಯಿತಪ್ಪಿ ಬಂದಿತು. ಆಡಿದ ಮೇಲೆ ತಾನೇ ಬೆಚ್ಚಿದಳು. ಎದುರಿಗೆ ತಟ್ಟೆಯಲ್ಲಿ, ಹಲ್ಲು ಕಿತ್ತ ತೂತನ್ನು ತೊಳೆಯುವ ಸಿರಿಂಜುಗಳಿದ್ದವು. ಸೂಜಿಯ ತುದಿ ಬಾಗಿದಂಥವು. ಎಂಥ ಸಂದಿಯೊಳಗೂ ಹೋಗುತ್ತವೆ.

ಆಮೇಲೆ ಅವನು ಕೆಲಸಕ್ಕೆ ಹೋದ ಹಗಲುಗಳಲ್ಲಿ ಅವಳದೂ ಒಂದು ಕೆಲಸ ನಡೆಯಿತು. ಪಾತ್ರೆಯಲ್ಲಿ ಕಲ್ಲುಪ್ಪು ಕರಗಿಸಿ, ನೀರು ಇನ್ನು ಉಪ್ಪು ಕುಡಿಯುವುದಿಲ್ಲ ಎನ್ನುವಷ್ಟು ಕರಗಿಸಿ, ಸಿರಿಂಜಿನಲ್ಲಿ ಎಳೆದುಕೊಂಡು ಶೆಡ್ಡಿಗೆ ಹೋಗುವಳು. ಅವನು ಹೊಸ ತಗಡಿನ ತೇಪೆ ಹಾಕಿ ವೆಲ್ಡ್ ಮಾಡಿದ ಕಡೆಯೆಲ್ಲ, ಬಾಗಿಲ ಕೆಳಗಿನ ಟೊಳ್ಳು ಅಂಚುಗಳ ತೂತುಗಳಲ್ಲಿ, ಎರಡು ತಗಡು ಕೂಡುವ ಸಂದಿಗಳಲ್ಲಿ ಸೂಜಿ ತೂರಿಸಿ ಒತ್ತುವಳು. ಹೊರಗೆ ಒಂದು ಹನಿ ಕಾಣದ ಹಾಗೆ ಒರೆಸುವಳು. ರೋಗಿಗಳಿಗೆ ದಿನವೂ ಹೇಳುವ ಮಾತು ನಾಲಗೆಗೆ ಬರುತ್ತಿತ್ತು: ಉಪ್ಪುನೀರಲ್ಲಿ ಮುಕ್ಕಳಿಸಿ, ಬೇಗ ವಾಸಿಯಾಗುತ್ತೆ. ಅವಳು ಒಬ್ಬಳೇ ನಗುತ್ತಿದ್ದಳು. ತನಗೆ ಇಷ್ಟು ನಂಜು ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಹೇಸಿಗೆಯಾಗಲಿಲ್ಲ, ಹಸಿವಾಯಿತು. ಆ ದಿನಗಳಲ್ಲಿ ಅವಳು ಚೆನ್ನಾಗಿ ಉಣ್ಣುತ್ತಿದ್ದಳು.

ವಾರಗಳು ಕಳೆದಂತೆ ಹೊಸ ಬಣ್ಣ ಅಲ್ಲಲ್ಲಿ ಬೊಬ್ಬೆಯೇಳತೊಡಗಿತು. ಉಗುರಿನಿಂದ ಒಡೆದರೆ ಒಳಗೆ ಕಿತ್ತಳೆ ಪುಡಿ. ಅವನು ಬಣ್ಣದ ಅಂಗಡಿಯವನನ್ನು ಬೈದ. ತಗಡು ಕೊಟ್ಟವನನ್ನು ಬೈದ. ಗ್ರೈಂಡರಿನಿಂದ ತೇಪೆ ಕತ್ತರಿಸಿ ತೆಗೆದು ಮತ್ತೆ ಹಾಕಿದ, ಅದೂ ಕೊಳೆಯಿತು. ಪ್ರತಿಯೊಂದು ಬೊಬ್ಬೆಯೂ ಇವಳ ಮೈಮೇಲೆ ಒಂದು ಗುರುತಾಗಿ ಇಳಿಯುತ್ತಿತ್ತು. ವೈರು, ಬೆಲ್ಟು, ಒಮ್ಮೆ ಬಿಸಿಯಾರದ ವೆಲ್ಡಿಂಗ್ ಕಡ್ಡಿ. ಕಡ್ಡಿ ತಾಕಿದಾಗ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಹಲ್ಲು ಕಚ್ಚಿ, ಇದು ಒಂದು ವಾರ, ಇದು ಇನ್ನೊಂದು ವಾರ ಎಂದುಕೊಂಡಳು. ಮಗಳ ಪರೀಕ್ಷೆ ಮುಗಿಯಲಿ, ಅಲ್ಲಿಂದಾಚೆ ದೂರದ ಯಾವುದಾದರೂ ಹಾಸ್ಟೆಲ್ಲು ಸೇರಲಿ, ಅಷ್ಟರ ತನಕ ಈ ಇಲಿ ಚಿರತೆಯಾಗದಿದ್ದರೆ ಸಾಕು.

ಒಂದು ಭಾನುವಾರ ಬೆಳಿಗ್ಗೆ ಗ್ರೈಂಡರ್ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನೋಡಿದಳು. ಅವನು ಗಾಡಿಯ ಪಕ್ಕ ಮಂಡಿಯೂರಿ, ಕತ್ತರಿಸಿ ತೆಗೆದ ತಗಡಿನ ತುಂಡೊಂದನ್ನು ಬೆಳಕಿಗೆ ಹಿಡಿದಿದ್ದ. ಒಳಮೈಯಲ್ಲಿ ಬಿಳಿ ಪೊರೆಯೊಂದು ಗಟ್ಟಿಗಟ್ಟಿತ್ತು. ಅವನು ಅದಕ್ಕೆ ನಾಲಗೆಯ ತುದಿ ಮುಟ್ಟಿಸಿದ. ಸ್ವಲ್ಪ ಹೊತ್ತು ಚಪ್ಪರಿಸಿದ.

"ಬಾ ಇಲ್ಲಿ," ಎಂದ. ಅವಳು ಹೋದಳು. "ನೆಕ್ಕು."

ಅವಳು ನೆಕ್ಕಿದಳು. ತಗಡಿನ ಅಂಚು ನಾಲಗೆಯನ್ನು ಕೊಯ್ದು ಉಪ್ಪಿನ ಜೊತೆ ರಕ್ತದ ರುಚಿಯೂ ಬಂತು.

"ಏನದು?"

"ಉಪ್ಪು."

"ಅಡುಗೆಗೆ ಸರಿಯಾಗಿ ಹಾಕೋಕೆ ಬರಲ್ಲ, ಇಲ್ಲಿ ಹದವಾಗಿ ಹಾಕಿದೀಯಲ್ಲೇ!" ಎಂದು ನಕ್ಕ. ನಗುತ್ತಲೇ ಅವಳ ಕೂದಲು ಹಿಡಿದು ಮುಖವನ್ನು ಗಾಡಿಯ ಬಾಗಿಲಿಗೆ ಬಡಿದ. ಎರಡನೇ ಸಲ ಬಡಿಯುವ ಮುಂಚೆ ಬಾಗಿಲಿಗೆ ಚಿಂದಿ ಬಟ್ಟೆಯನ್ನು ಅಡ್ಡ ಹಿಡಿದ, ಬಣ್ಣಕ್ಕೆ ಪೆಟ್ಟಾಗಬಾರದೆಂದು.

ಮಾರನೆಯ ವಾರದಿಂದ ಅವನು ಹೊಸ ಪಾಠ ಶುರುಮಾಡಿದ. ಅವಳು ಮಾಡಿದ ತುಕ್ಕನ್ನು ಅವಳೇ ಉಜ್ಜಿ ತೆಗೆಯಬೇಕು. ಗಾಲಿ ಜಾಕಿಯಿಂದ ಗಾಡಿಯ ಮೂತಿ ಎತ್ತಿ, ತಂತಿ ಬ್ರಷ್ಷು ಕೊಟ್ಟು, "ಹೋಗು ಒಳಗೆ," ಎನ್ನುವನು. ಅವಳು ಬೆನ್ನ ಮೇಲೆ ಜಾರಿಕೊಂಡು ಅಡಿಗೆ ಹೋಗುವಳು. ಮೂಗಿನ ಮೇಲೆ ಒಂದು ಗೇಣಿನ ಅಂತರದಲ್ಲಿ ಎಂಜಿನ್ನಿನ ಹೊಟ್ಟೆ. ಉಜ್ಜಿದಂತೆಲ್ಲ ತುಕ್ಕಿನ ಪುಡಿ ಕಣ್ಣಿಗೆ, ಬಾಯಿಗೆ ಸುರಿಯುತ್ತಿತ್ತು. ಜಾಕಿಯ ಉದ್ದ ಹಿಡಿ ಅವನ ಕೈಯಲ್ಲಿ.

ಅವರ ಕೆಲಸಕ್ಕೆ ಮೊದಲಿಂದ ಇದ್ದದ್ದು ಮೂರೇ ಮಾತು. ಎತ್ತು ಅಂದರೆ ಹಿಡಿಯನ್ನು ಮೇಲೆ ಕೆಳಗೆ ಒತ್ತಿ ಗಾಡಿ ಎತ್ತುವುದು. ಸಾಕು ಅಂದರೆ ನಿಲ್ಲಿಸುವುದು. ಬಿಡು ಅಂದರೆ ಹಿಡಿಯನ್ನು ಎಡಕ್ಕೆ ತಿರುಗಿಸಿ ಗಾಡಿಯನ್ನು ಇಳಿಸುವುದು. ಮದುವೆಯಾದ ಹೊಸದರಲ್ಲಿ ಸ್ಕೂಟರಿನ ಕೆಲಸದಿಂದಲೇ ಈ ಶಿಸ್ತು ಶುರುವಾಗಿತ್ತು. "ಮಾತು ಕಿವಿಗೆ ಬಿದ್ದ ತಕ್ಷಣ ಕೈ ಓಡಬೇಕು. ತಲೆ ಓಡಬಾರ್ದು. ನಿನ್ನ ತಲೆ ಯಾರು ಕೇಳಿದ್ರು?" ಎಂದು, ತಡವಾದಾಗಲೆಲ್ಲ ಬೆರಳ ಗೆಣ್ಣಿನ ಮೇಲೆ ಪಾನಾದಿಂದ ಕುಟ್ಟಿ ಕಲಿಸಿದ್ದ.

ಈಗ ಹಿಡಿ ತಾನು ಹಿಡಿದು, ಮೇಲಿನಿಂದ ರಾಗವಾಗಿ ಕೇಳುತ್ತಿದ್ದ:

"ಬಿಡ್ಲಾ?"

"ಬಿಡ್ಬೇಡಿ."

"ಕೇಳಿಸ್ಲಿಲ್ಲ. ಬಿಡ್ಲಾ?"

ಹಿಸ್ಸೆಂದು ಎಣ್ಣೆ ಹರಿದ ಸದ್ದು. ಎಂಜಿನ್ನು ನಾಲ್ಕು ಬೆರಳು ಕೆಳಗಿಳಿದು ಅವಳ ಎದೆಗೆ ತಾಕಿ ನಿಲ್ಲುತ್ತಿತ್ತು. ಉಸಿರೆಳೆದುಕೊಂಡರೆ ಕಬ್ಬಿಣ ಒತ್ತುತ್ತಿತ್ತು. ಬಿಟ್ಟರೆ ಮತ್ತೆ ಎಳೆದುಕೊಳ್ಳಲು ಧೈರ್ಯವಿರುತ್ತಿರಲಿಲ್ಲ.

"ಬಿಡ್ಬೇಡಿ! ಬಿಡ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ!"

"ಬಿದ್ದೇ ಇದೀಯಲ್ಲೇ, ಇನ್ನೆಲ್ಲಿಗೆ ಬೀಳ್ತೀಯಾ? ತಮಾಷೆ ಕಣೇ." ಮತ್ತೆ ಎತ್ತುತ್ತಿದ್ದ.

ಆ ಕತ್ತಲಲ್ಲಿ ಅವಳು ಅಳುವುದನ್ನು ಮರೆತಳು. ಒಂದು ದಿನ ಉಜ್ಜುತ್ತ ಉಜ್ಜುತ್ತ, ತಾನು ಈ ಗಾಡಿಯ ಪ್ರತಿ ಬೋಲ್ಟನ್ನೂ ಬಲ್ಲೆ, ಅದು ಎಲ್ಲಿ ಬಿಸಿಯಾಗುತ್ತದೆ, ಎಲ್ಲಿ ಸೋರುತ್ತದೆ ಎಲ್ಲ ಬಲ್ಲೆ, ಮತ್ತು ಅದು ತನ್ನನ್ನು ದ್ವೇಷಿಸುವುದಿಲ್ಲ ಎನ್ನಿಸಿತು. ಅದಕ್ಕೆ ತೂಕವಿದೆ, ಅಷ್ಟೇ.

ತುಕ್ಕು ಹೋಯಿತು. ತೇಪೆ ನಿಂತಿತು. ಎಂಜಿನ್ನು ಮೊದಲ ಸಲ ಗುಟುರು ಹಾಕಿದಾಗ ಶೆಡ್ಡಿನ ತಗಡುಗಳೆಲ್ಲ ಅದುರಿದವು. ಎದುರುಮನೆಯ ಟ್ಯೂಷನ್ ಟೀಚರು ಕಾಂಪೌಂಡಿನಿಂದಲೇ, "ಇನ್ನೇನು ಮುಗೀತಲ್ಲ ನಿಮ್ಮ ಯಜ್ಞ? ನನ್ನ ಮಕ್ಕಳಿಗೆ ಮಗ್ಗಿನೇ ಕೇಳಿಸ್ತಿರ್ಲಿಲ್ಲ," ಎಂದರು. "ಮುಗೀತು ಟೀಚರ್. ನಾಳೆ ಮಗಳನ್ನ ಕರ್ಕೊಂಡು ಬರೋಕೆ ಹೋಗ್ತಿದೀನಿ," ಎಂದು ಅವನು ತನ್ನ ಲಿಫ್ಟಿನ ದನಿಯಲ್ಲಿ ಹೇಳಿದ. ಟೀಚರಿಗೆ ಸಂತೋಷವಾಯಿತು.

ಮಗಳ ಪರೀಕ್ಷೆಗೆ ಇನ್ನೂ ದಿನಗಳಿದ್ದವು.

ಆ ಮಧ್ಯಾಹ್ನ ಅವನಿಗೆ ಸೈಲೆನ್ಸರಿನ ಒಂದು ಸಣ್ಣ ಲಟಪಟ ಸದ್ದು ಸಹಿಸಲಾಗಲಿಲ್ಲ. ಎರಡು ನಿಮಿಷದ ಕೆಲಸ. ಗಾಡಿಯಡಿಗೆ ಕಬ್ಬಿಣದ ಸ್ಟ್ಯಾಂಡುಗಳ ಆಸರೆ ಕೊಡುವ ತಾಪತ್ರಯಕ್ಕೆ ಹೋಗದೆ, ಬರಿಯ ಜಾಕಿಯ ಮೇಲೆ ಗಾಡಿಯ ಮೂತಿ ಎತ್ತಿಸಿ ಅಡಿಗೆ ಜಾರಿದ. ಹಿಡಿ ಅವಳ ಕೈಯಲ್ಲಿತ್ತು. ಅವನು ಖುಷಿಯಾಗಿದ್ದ. ಬೋಲ್ಟು ಬಿಗಿಯುತ್ತ ಸಿಳ್ಳೆ ಹಾಕುತ್ತಿದ್ದ.

ಅವಳು ಬೆಳಗಿನಿಂದ ಕೂಡಿಸಿಕೊಂಡಿದ್ದ ಮಾತನ್ನು ಆಡಿದಳು. ಅವನ ಮುಖ ಕಾಣದಿದ್ದರಿಂದ ಆಡಲು ಸಾಧ್ಯವಾಯಿತು.

"ರೀ, ನಾಳೆ ಹೋಗ್ಬೇಡಿ. ಅವಳ ಪಾಡಿಗೆ ಅವಳು ಅಲ್ಲಿ ಓದ್ಕೊಳ್ಲಿ. ಪರೀಕ್ಷೆ ಇದೆ. ನಾನಿಲ್ಲೇ ಇರ್ತೀನಲ್ಲ. ನನಗೇನು ಬೇಕಾದ್ರೂ ಮಾಡಿ. ನಾನೆಲ್ಲಿಗೂ ಹೋಗಲ್ಲ. ಅವಳೊಬ್ಬಳನ್ನ..."

"ಬಿಡು," ಎಂದ ಅವನು.

ಕೈ ತಿರುಗಿತು.

ಆಮೇಲೆ ಎಷ್ಟೋ ಸಲ ಅವಳು ಆ ಗಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ್ದಾಳೆ. ಆ ಮಾತು ಬಿಡು, ಆ ಸುದ್ದಿ ಬೇಡ, ಸುಮ್ಮನಿರು ಎಂದು ಅವನು ಅಂದದ್ದು. ಎಂಥ ಮಗುವಿಗೂ ಅರ್ಥವಾಗುತ್ತಿತ್ತು. ಆದರೆ ಜಾಕಿಯ ಹಿಡಿ ಹಿಡಿದ ಅವಳ ಕೈಗೆ ಆ ಶಬ್ದಕ್ಕೆ ಒಂದೇ ಅರ್ಥ ಕಲಿಸಿಟ್ಟಿದ್ದ. ಕೈ ಓಡಿತು. ತಲೆ ಓಡಲಿಲ್ಲ. ಅವನು ಹೇಳಿಕೊಟ್ಟ ಹಾಗೆಯೇ.

ಹಿಸ್ಸೆಂದಿತು. ಗಾಡಿ ಮೊದಲೇ ನೆಲಕ್ಕೆ ಹತ್ತಿರ ಕೂರುವಂಥದು; ಅವನೇ ಸ್ಪ್ರಿಂಗ್ ಕತ್ತರಿಸಿ ಇನ್ನೂ ಕುಳ್ಳಗೆ ಮಾಡಿದ್ದ. ಒಂದೇ ಉಸಿರಿಗೆ ಕೂತಿತು. ಸಿಳ್ಳೆ ಅರ್ಧಕ್ಕೆ ನಿಂತು, ಚೀಲದಿಂದ ಗಾಳಿ ಹೊರಟಂಥ ಒಂದು ಸದ್ದು ಬಂತು. ಜೊತೆಗೆ ಒಣಕಡ್ಡಿಯ ಸದ್ದು. ಅದು ಅವಳಿಗೆ ಪರಿಚಿತ.

ಬಗ್ಗಿ ನೋಡಿದಳು. ಬಲಗೈ ಮೊಣಕೈಯಿಂದಾಚೆ ಎಂಜಿನ್ನಿನ ಅಡ್ಡಪಟ್ಟಿಯ ಕೆಳಗೆ ಚಪ್ಪಟೆಯಾಗಿ, ರಕ್ತ ಎಣ್ಣೆಯೊಡನೆ ಬೆರೆತು ಹರಿಯುತ್ತಿತ್ತು. ಎದೆಯ ಮೇಲೆ ಗಾಡಿ ಕೂತಿತ್ತು. ಮುಖ ಈಚೆಗೆ ತಿರುಗಿತ್ತು. ಕಣ್ಣು ತೆರೆದಿತ್ತು. ತುಟಿ ಅಲುಗಿತು. ದನಿಯಿಲ್ಲ, ಆದರೆ ಮಾತು ಗೊತ್ತಾಯಿತು: ಎತ್ತು.

ಕೈ ಹಿಡಿಗೆ ಹೋಯಿತು. ಅಲ್ಲೇ ನಿಂತಿತು.

ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಮಾತಿಗೂ ಕೈಗೂ ನಡುವೆ ಸ್ವಲ್ಪ ಜಾಗ ಸಿಕ್ಕಿತ್ತು. ಆ ಜಾಗದಲ್ಲಿ ಅವಳು ಬಣ್ಣದ ಡಬ್ಬಿಯೊಂದನ್ನು ಬೋರಲು ಹಾಕಿಕೊಂಡು ಕೂತಳು. ಶೆಡ್ಡು ನಿಶ್ಶಬ್ದವಾಗಿತ್ತು. ಎದುರುಮನೆಯಿಂದ ಮಕ್ಕಳು ಮಗ್ಗಿ ಒಪ್ಪಿಸುವುದು ಚೆನ್ನಾಗಿ ಕೇಳಿಸುತ್ತಿತ್ತು.

"ಯಾವ ಬಿಡು ಅಂದ್ರಿ?" ಎಂದು ಕೇಳಿದಳು. ಅಣಕಿಸಲು ಅಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ಅವನ ತುಟಿ ಮತ್ತೆ ಎತ್ತು ಎಂದಿತು. ಮುಖ ಕೆಂಪಿನಿಂದ ಬೇರೊಂದು ಬಣ್ಣಕ್ಕೆ ತಿರುಗುತ್ತಿತ್ತು. ಅವಳು ನೋಡುತ್ತ ಕೂತಳು. ಒಳಗೆ ಹುಡುಕಿದಳು, ಕರುಣೆ ಎಲ್ಲಾದರೂ ಮೂಲೆಯಲ್ಲಿ ಬಿದ್ದಿರಬಹುದು ಎಂದುಕೊಂಡಳು. ಸಿಗಲಿಲ್ಲ. ಭಯವೂ ಸಿಗಲಿಲ್ಲ. ಸಿಕ್ಕಿದ್ದು ಒಂದು ದೊಡ್ಡ ದಣಿವು, ಮತ್ತು ಅದರ ತಳದಲ್ಲಿ ಇವನು ಸಾಯುವುದನ್ನು ಕೊನೆಯ ತನಕ ನೋಡಬೇಕೆಂಬ ಶುದ್ಧವಾದ, ತಣ್ಣನೆಯ ಆಸೆ. ಆ ಆಸೆಯನ್ನು ಅವಳು ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಅದು ತನ್ನದೇ ಎಂದು ಒಪ್ಪಿಕೊಂಡಳು.

ಆಗ ಇನ್ನೊಂದು ಯೋಚನೆ ಬಂತು. ಇವನು ಸತ್ತರೆ ಮಗಳು ಬರಲೇಬೇಕು. ಈ ಮನೆಗೇ, ಈ ಬಾಗಿಲಿಗೇ, ಹೆಣದ ಮುಂದೆ ಬಂದು ಕೂರಬೇಕು. ಆಮೇಲೆ ಬದುಕಿಡೀ, ನನಗಾಗಿ ಅಮ್ಮ ಅಪ್ಪನನ್ನು ಕೊಂದಳು ಎಂಬುದನ್ನು ಹೊತ್ತು ತಿರುಗಬೇಕು. ಎಳೆದುಕೊಂಡು ಬರುತ್ತೇನೆ ಎಂದಿದ್ದ. ಸತ್ತಾದರೂ ಎಳೆದುಕೊಂಡು ಬಂದೇಬಿಡುತ್ತಾನೆ.

"ಇಲ್ಲ," ಎಂದು ಎದ್ದಳು. ಹಿಡಿಯನ್ನು ಬಲಕ್ಕೆ ಬಿಗಿದು ಒತ್ತಿದಳು. ಒತ್ತಿ ಒತ್ತಿ ಗಾಡಿ ಎತ್ತಿದಳು. ಅವನ ಅಂಗಿಯ ಕಾಲರು ಹಿಡಿದು ಹೊರಗೆ ಎಳೆದಳು. ಉಸಿರು ಗೊರಗೊರನೆ ವಾಪಸು ಬಂತು. ಬಲಗೈ ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬಂತು.

ಫೋನಿಗಾಗಿ ತಿರುಗಿದವಳ ಕೂದಲಿಗೆ ಎಡಗೈ ಬಿತ್ತು. ಸಾಯುತ್ತಿದ್ದವನ ಕೈಯಲ್ಲಿ ಇಷ್ಟು ಬಲವೇ! ಅವಳ ತಲೆ ನೆಲಕ್ಕೆ ಬಡಿಯಿತು.

"ಮೊದಲು ನಿನ್ನ," ಎಂದ. ಬಾಯಿಂದ ರಕ್ತದ ನೊರೆ ಬರುತ್ತಿತ್ತು. "ಆಮೇಲೆ ಅವಳನ್ನ."

ಜಾಕಿಯ ಹಿಡಿ ಹೇಗೆ ಕಳಚಿ ಕೈಗೆ ಬಂತೋ. ಕಬ್ಬಿಣದ ಕೊಳವೆ, ಒಂದು ಗಜ ಉದ್ದ. ಅವಳು ಆ ಎಡಗೈಯ ಮಣಿಕಟ್ಟಿಗೆ ಹೊಡೆದಳು. ಅದು ಕೂದಲು ಬಿಡಲಿಲ್ಲ. ಮತ್ತೆ ಹೊಡೆದಳು. ಬಿಟ್ಟ ಮೇಲೂ ಒಮ್ಮೆ ಹೊಡೆದಳು. ಆ ಕೊನೆಯದು ಬೇಕಿರಲಿಲ್ಲವೆಂದು ಹೊಡೆಯುವಾಗಲೇ ಅವಳಿಗೆ ಗೊತ್ತಿತ್ತು.

ಟೀಚರು ಓಡಿಬಂದರು. ಹಿಂದೆ ಮಗ್ಗಿಯ ಮಕ್ಕಳು. "ಅಯ್ಯಯ್ಯೋ! ಈ ಗಾಡಿ ಒಂದಿನ ಯಾರದಾದ್ರೂ ಜೀವ ತೆಗೆಯುತ್ತೆ ಅಂತ ನಾನು ಬಡ್ಕೊಂಡೆ! ಮಕ್ಕಳೇ, ನೋಡ್ಬೇಡಿ, ಹೋಗಿ, ಏಳರ ಮಗ್ಗಿ ಬರೀರಿ!"

ಅವನು ಬದುಕಿದ. ಬಲಗೈಯನ್ನು ಮೊಣಕೈಯ ಮೇಲಿನಿಂದಲೇ ಕತ್ತರಿಸಿ ತೆಗೆಯಬೇಕಾಯಿತು. ಎಡಗೈಗೆ ಪಟ್ಟಿ. ಪಕ್ಕೆಲುಬುಗಳು ಕೂಡಿಕೊಳ್ಳುತ್ತವೆ ಎಂದರು. ಮಾತಾಡುವಷ್ಟಾದ ಮೇಲೆ ಪೊಲೀಸಿನವನೊಬ್ಬ ಬಂದು ಹಾಸಿಗೆಯ ಪಕ್ಕ ಕೂತು ಕೇಳಿಕೊಂಡು ಹೊರಬಂದ. ವಯಸ್ಸಾದವನು, ನೆಗಡಿಯಾಗಿತ್ತು.

"ನಿಮ್ಮ ಯಜಮಾನರು ಎಲ್ಲಾ ಹೇಳಿದ್ರಮ್ಮಾ. 'ಬಿಡು ಅಂದೆ, ಬಿಟ್ಟಳು. ಅವಳಿಗೆ ತಲೆ ಇಲ್ಲ, ಮೊದಲಿಂದಾನೂ ಹಾಗೇ,' ಅಂದ್ರು. ಎಡಗೈ ಅಲ್ಲೇ ಸಿಕ್ಕಾಕೊಂಡು ಮುರೀತಂತೆ. ದೊಡ್ಡ ಮನಸ್ಸು. ಸರಿ, ಆಕ್ಸಿಡೆಂಟು ಅಂತ ಮುಗಿಸ್ತೀನಿ."

ಅವಳಿಗೆ ಅರ್ಥವಾಯಿತು. ಹೆಂಡತಿ ಬೇಕೆಂದೇ ಕೆಡವಿದಳು, ಹೆಂಡತಿ ಹೊಡೆದಳು ಎಂದು ಹೇಳಿ ಅವನು ಬದುಕಲಾರ. ಹೆಡ್ಡಿಯ ಕೈಯಲ್ಲಿ ಸಿಕ್ಕವನೆಂದು ಹೇಳಿಕೊಂಡು ಬದುಕಬಲ್ಲ. ತಲೆಯಿಲ್ಲದವಳಾಗಿ ಇದ್ದುಬಿಟ್ಟರೆ ತಾನೂ ಬಚಾವು.

ಕಾರಿಡಾರಿನ ತುದಿಯಲ್ಲಿ ಬಾಗಿಲು ತೆರೆಯಿತು. ಮಗಳು. ಬೇಡವೆಂದರೂ ಬಸ್ಸು ಹತ್ತಿ ಬಂದಿದ್ದಳು. ಬಂದವಳು ಅಮ್ಮನನ್ನು ಅಪ್ಪಲಿಲ್ಲ, ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದಳು.

"ಅಮ್ಮಾ, ಬೇಕಂತಲೇ ಬಿಟ್ಟೆಯಾ?"

"ಬಿಟ್ಟಾಗ ಗೊತ್ತಿರ್ಲಿಲ್ಲ. ಎತ್ತದೆ ಕೂತಿದ್ದೆನಲ್ಲ, ಅದು ಗೊತ್ತಿತ್ತು."

ಹುಡುಗಿ ನೆಲ ನೋಡಿದಳು. "ಮತ್ತೆ ಯಾಕೆ ಎತ್ತಿದೆ?"

"ನೀನು ಬರ್ಬಾರ್ದು ಅಂತ. ಬಂದೇಬಿಟ್ಟೆಯಲ್ಲ, ಕತ್ತೆ."

ಒಳಗಿನಿಂದ ದನಿ ಕೇಳಿಸಿತು. ಮಗಳ ಮಾತು ಅವನ ಕಿವಿಗೆ ಬಿದ್ದಿರಬೇಕು.

"ಪುಟ್ಟೀ... ಬಂದೆಯಾ ಮಗಳೇ? ಹೆದರ್ಬೇಡ, ಒಳಗೆ ಬಾ. ಅಪ್ಪನ ಬಲಗೈ ಹೋಯ್ತಮ್ಮಾ. ಇನ್ನು ನೀನೇ ಅಲ್ವಾ ನನಗೆ ಬಲಗೈ? ನಡಿ, ಮನೆಗೆ ಹೋಗೋಣ."

ಮುಚ್ಚಿದ ಲಿಫ್ಟಿನ ಬಾಗಿಲಿಗೆ ಬಾಯಿಟ್ಟು ಆಡುವ ದನಿ. ಇವಳು ತಿರುಗಿ ನೋಡಿದಳು. ಮಗಳ ಮುಖದಲ್ಲಿ ಏನೋ ಕರಗುವುದನ್ನು ಕಂಡಳು. ಅವಳ ಒಂದು ಕಾಲು ಬಾಗಿಲ ಕಡೆಗೆ ಹೊರಳಿತ್ತು. ಗಾಡಿ ಮಾಡಲಾಗದ್ದನ್ನು, ಹೆಣವಾಗಿದ್ದರೆ ಮಾಡುತ್ತಿದ್ದದ್ದನ್ನು ಈ ದನಿ ಮಾಡುತ್ತಿದೆ. ಇವನು ಎರಡು ತಿಂಗಳಲ್ಲಿ ಎದ್ದು ಓಡಾಡುತ್ತಾನೆ. ಮಗಳು ಓದು ಬಿಟ್ಟು ತುತ್ತು ಮಾಡಿ ಬಾಯಿಗಿಡುತ್ತಾಳೆ. ಕೈಯಿಲ್ಲದವನಿಗೆ ಹಲ್ಲಿದೆ, ಕಾಲಿದೆ, ನಾಲಗೆಯಿದೆ.

ಅವಳು ಹೋಗುತ್ತಿದ್ದ ಪೊಲೀಸಿನವನನ್ನು ಕೂಗಿದಳು. ಅವನು ಮೂಗು ಒರೆಸಿಕೊಳ್ಳುತ್ತ ತಿರುಗಿದ.

"ಆಕ್ಸಿಡೆಂಟು ಅಂತ ಮುಗಿಸ್ಬೇಡಿ. ನಾನು ಹೇಳೋದಿದೆ. ಇವಳ ಮೂಳೆ ಮುರಿದಿದ್ದು ಅವ್ರು. ನನ್ನ ಮೈಮೇಲಿರೋದು ಡಾಕ್ಟರ ಮುಂದೆ ತೋರಿಸ್ತೀನಿ. ಇವಳ ಹತ್ರ ಅವ್ರು ಸುಳೀಬಾರ್ದು, ಅದಕ್ಕೇನು ಬೇಕೋ ಅದನ್ನ ಬರ್ಕೊಳ್ಳಿ. ನಾನು ಮಾಡಿದ್ದೂ ಬರ್ಕೊಳ್ಳಿ. ಎತ್ತು ಅಂದಾಗ ಎತ್ತಲಿಲ್ಲ. ಎಡಗೈ ಮುರಿದಿದ್ದು ಗಾಡಿ ಅಲ್ಲ, ನಾನು."

ಪೊಲೀಸಿನವನು ಅವಳನ್ನೂ ಹುಡುಗಿಯನ್ನೂ ನೋಡಿದ. ದನಿ ತಗ್ಗಿಸಿದ. "ಅಮ್ಮಾ, ಯೋಚನೆ ಮಾಡಿ. ಮೊದಲನೇದು ಮಾತ್ರ ಹೇಳಿದ್ರೆ ಸಾಕು. ಎರಡನೇದು ಬರ್ಕೊಂಡ್ರೆ ನೀವೂ ಒಳಗೆ ಹೋಗ್ಬೇಕಾಗುತ್ತೆ."

"ಅದನ್ನ ಮುಚ್ಚಿಟ್ರೆ ನಾಳೆ ಅವ್ರ ವಕೀಲ ಬಿಚ್ಚಿಡ್ತಾನೆ. ಆಗ ಮೊದಲನೇದೂ ಸುಳ್ಳಾಗುತ್ತೆ. ನಾವಿಬ್ರೂ ಒಳಗೆ ಹೋದ್ರೆ ಹೋಗ್ಲಿ ಬಿಡಿ. ಹುಡುಗಿ ಹೊರಗಿರ್ತಾಳಲ್ಲ."

ಅವನು ನಿಟ್ಟುಸಿರಿಟ್ಟು ಬೆಂಚಿನ ಮೇಲೆ ಕೂತು ಪೆನ್ನು ತೆಗೆದ. ಅವಳು ಶುರುವಿನಿಂದ ಹೇಳತೊಡಗಿದಳು, ಸ್ಕೂಟರಿನ ಕಾಲದಿಂದ. ಮಗಳು ವಾರ್ಡಿನ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು.

"ಪುಟ್ಟೀ," ಎಂದು ಒಳಗಿನಿಂದ ಮತ್ತೊಮ್ಮೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಆಮೇಲೆ ಬಂದ ದನಿಗೆ ಕಾರಿಡಾರಿನ ಇನ್ನೊಂದು ತುದಿಯಲ್ಲಿದ್ದ ನರ್ಸು ತಿರುಗಿ ನೋಡಿದಳು.

"ಲೇ! ಕರೆದ್ರೆ ಬರೋಕಾಗಲ್ವೇನೇ? ಎದ್ದು ಬಂದ್ರೆ ಇನ್ನೊಂದು ಮೂಳೆನೂ ಉಳಿಸಲ್ಲ!"

ಪೆನ್ನು ನಿಂತಿತು. ಪೊಲೀಸಿನವನು ತಲೆಯೆತ್ತಿ ಮುಚ್ಚಿದ ಬಾಗಿಲನ್ನು ನೋಡಿದ. ಹುಡುಗಿ ಬಾಗಿಲಿಂದ ಕೈ ತೆಗೆದು ಬಂದು ಅಮ್ಮನ ಪಕ್ಕದಲ್ಲಿ, ಬೆಂಚಿನ ತುದಿಯಲ್ಲಿ ಕೂತಳು.

"ಮುಂದೆ ಹೇಳಿ," ಎಂದ ಅವನು.